ಕಲಾ ಪ್ರಶ್ನೋತ್ತರ: ಗಾಜಿನ ಹಿಂದಿನ ಪುಡಿಬಣ್ಣ

ಪ್ರಶ್ನೆ: ದಾವಣಗೆರೆಯ ಗ್ಯಾಲರಿಯೊಂದರಲ್ಲಿ ನಮ್ಮ ಭಾಗದ ಕಲಾವಿದರ ಪೇಸ್ಟಲ್ ಚಿತ್ರಗಳ ಪ್ರದರ್ಶನವನ್ನು ಈಚೆಗೆ ನೋಡಿದೆ. ನನ್ನ ಮಗ ಶಾಲೆಗೆ ಒಯ್ಯುವ ಪೇಸ್ಟಲ್ ಕಡ್ಡಿಗಳಿಗೂ ಅಲ್ಲಿದ್ದ ಚಿತ್ರಗಳಿಗೂ ಸಂಬಂಧವೇ ಇಲ್ಲವೆನಿಸಿತು. ಆ ಬಣ್ಣಗಳಿಗೆ ಅಂಥ ಕಾಂತಿ ಹೇಗೆ ಬರುತ್ತದೆ? ಗಾಜು ಹಾಕಿದ್ದರೂ ಚೌಕಟ್ಟನ್ನು ಮುಟ್ಟಬೇಡಿ, ಅಲುಗಿಸಬೇಡಿ ಎಂದು ಎಚ್ಚರಿಸುತ್ತಿದ್ದುದು ಏಕೆ?
– ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ತಮ್ಮ ಮಗ ಬಳಸುವುದು ಬಹುಶಃ ಆಯಿಲ್ ಪೇಸ್ಟಲ್. ಅದರಲ್ಲಿ ಬಣ್ಣದ ಪುಡಿಯನ್ನು ಮೇಣ ಮತ್ತು ಎಣ್ಣೆಯಲ್ಲಿ ಕಲಸಿರುತ್ತಾರೆ. ಜಪಾನಿನ ಸಕುರಾ ಕಂಪನಿ 1925ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ತಾವು ಗ್ಯಾಲರಿಯಲ್ಲಿ ನೋಡಿದ್ದು ಅದಕ್ಕಿಂತ ಬಹಳ ಹಳೆಯದಾದ ಸಾಫ್ಟ್ ಪೇಸ್ಟಲ್. ಅದರ ಕಡ್ಡಿಯಲ್ಲಿರುವುದು ಬಣ್ಣದ ಪುಡಿ, ಸ್ವಲ್ಪ ಸೀಮೆಸುಣ್ಣದ ಪುಡಿ ಮತ್ತು ಎಲ್ಲವನ್ನೂ ಕಡ್ಡಿಯ ಆಕಾರದಲ್ಲಿ ಹಿಡಿದಿಡಲು ಬೇಕಾದಷ್ಟೇ ಗೋಂದು. ತೈಲಚಿತ್ರದಲ್ಲಿ ಬಣ್ಣದ ಕಣಗಳು ಎಣ್ಣೆಯೊಳಗೆ ಮುಳುಗಿರುತ್ತವೆ, ಆ ಎಣ್ಣೆ ಕಾಲಕ್ರಮದಲ್ಲಿ ಹಳದಿಗೆ ತಿರುಗುವುದೂ ಉಂಟು. ಪೇಸ್ಟಲ್‌ನಲ್ಲಾದರೋ ಒಣಗಿದ ಕಣಗಳು ಕಾಗದದ ತರಿಯ ಮೇಲೆ ಬಿಡಿಬಿಡಿಯಾಗಿ ಕುಳಿತಿರುತ್ತವೆ, ಅವುಗಳ ನಡುವೆ ಗಾಳಿಯಿರುತ್ತದೆ, ಬೆಳಕು ಆ ಕಣಗಳ ಅಂಚುಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚದುರುತ್ತದೆ. ತಾವು ಕಂಡ ಕಾಂತಿಯ ಮೂಲ ಇದು. ಎಚ್ಚರಿಕೆಯ ಕಾರಣವೂ ಇದೇ: ಚೌಕಟ್ಟನ್ನು ತಟ್ಟಿದರೆ ಸಡಿಲವಾಗಿ ಕುಳಿತ ಕಣಗಳು ಗಾಜಿನ ಒಳಗೇ ಉದುರುತ್ತವೆ.

ಹಾಗೆಂದ ಮಾತ್ರಕ್ಕೆ ಇದು ಬಾಳಿಕೆ ಬಾರದ ಮಾಧ್ಯಮವಲ್ಲ. ವೆನಿಸ್ಸಿನ ರೊಸಾಲ್ಬಾ ಕರಿಯೆರಾ 18ನೆಯ ಶತಮಾನದ ಆರಂಭದಲ್ಲಿ ಬರೆದ ಭಾವಚಿತ್ರಗಳು, ಸ್ವಿಸ್ ಕಲಾವಿದ ಲಿಯೊಟಾರ್ 1744ರ ಸುಮಾರಿಗೆ ಬರೆದು ಈಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ ಚಾಕೊಲೇಟ್ ತರುವ ಹುಡುಗಿಯ ಚಿತ್ರ ಇವೆಲ್ಲ ಇಂದಿಗೂ ಉಳಿದಿವೆ. ನಮ್ಮ ದೇಶದಲ್ಲಿ ಅವನೀಂದ್ರನಾಥ ಟಾಗೋರರು ಇಟಲಿಯ ಕಲಾವಿದ ಗಿಲಾರ್ಡಿಯವರಲ್ಲಿ ಪೇಸ್ಟಲ್ ಕಲಿತಿದ್ದರು.

ತಾವು ಕೇಳದಿದ್ದರೂ ಪ್ರದರ್ಶನದ ಬಗ್ಗೆ ಒಂದು ಮಾತು. ಭಾವಚಿತ್ರಗಳಿಗಿಂತ ಚಿತ್ರದುರ್ಗದ ಬಂಡೆಗಳನ್ನು ಬರೆದ ಚಿತ್ರಗಳೇ ನನಗೆ ಹೆಚ್ಚು ಹಿಡಿಸಿದವು. ಅಲ್ಲಿಯ ಕಲ್ಲಿನ ಮೈಯಲ್ಲಿ ಬೂದು, ನಸುಗೆಂಪು, ಹಾವಸೆಯ ಕಪ್ಪು ಎಲ್ಲವೂ ಒಡೆದೊಡೆದು ಕಾಣುತ್ತವೆ. ತರಿಯಿರುವ ಕಾಗದದ ಮೇಲೆ ಪೇಸ್ಟಲ್ ಕಡ್ಡಿಯನ್ನು ಅಡ್ಡಲಾಗಿ ಹಗುರವಾಗಿ ಎಳೆದರೆ ಅದೇ ಒಡಕು ತಾನಾಗಿಯೇ ಮೂಡುತ್ತದೆ, ಕೆಳಗಿನ ಪದರದ ಬಣ್ಣ ಮೇಲಿನದರ ಸಂದಿಯಿಂದ ಇಣುಕುತ್ತದೆ. ಫ್ರಾನ್ಸಿನ ಕಲಾವಿದ ಡೇಗಾ ತನ್ನ ಪೇಸ್ಟಲ್‌ಗಳಲ್ಲಿ ಗೆರೆಯ ಮೇಲೆ ಗೆರೆ ಹೇರಿ ಸಾಧಿಸಿದ್ದು ಇಂಥ ಪರಿಣಾಮವನ್ನೇ. ಭಾವಚಿತ್ರಗಳಲ್ಲಿ ಮಾತ್ರ ಕೆಲವರು ಕೆನ್ನೆ, ಹಣೆಗಳನ್ನು ಬೆರಳಿನಿಂದ ಉಜ್ಜಿ ಉಜ್ಜಿ ನಯಗೊಳಿಸಿದ್ದರು. ಹೀಗೆ ಉಜ್ಜಿದಾಗ ಕಣಗಳು ಕಾಗದದ ತರಿಯೊಳಗೆ ಒತ್ತಿಹೋಗಿ ಬಣ್ಣ ಮಂಕಾಗುತ್ತದೆ, ಮುಖಕ್ಕೆ ಫೋಟೋದ ನುಣುಪು ಬಂದರೂ ಚಿತ್ರ ಸಪ್ಪೆಯಾಗುತ್ತದೆ. 1964ರಲ್ಲಿ ಆರಂಭವಾದ ದೃಶ್ಯಕಲಾ ಮಹಾವಿದ್ಯಾಲಯವಿರುವ ದಾವಣಗೆರೆಯಲ್ಲಿ ಈ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬಹುದೆಂದು ಭಾವಿಸಿದ್ದೇನೆ.

ಪ್ರಶ್ನೆ: ಅದೇ ಪ್ರದರ್ಶನದಲ್ಲಿ ನಮ್ಮ ಕೋಟೆಯ ಒಂದು ಚಿತ್ರವನ್ನು ಕೊಂಡೆ. ಮನೆಗೆ ತಂದ ಮೇಲೆ ನೋಡಿದರೆ ಚಿತ್ರದ ಸುತ್ತಲಿನ ಬಿಳಿ ರಟ್ಟಿನ ಮೌಂಟ್‌ನ ಕೆಳ ಅಂಚಿನಲ್ಲಿ ಬಣ್ಣದ ಪುಡಿ ಬಿದ್ದಿದೆ. ಫಿಕ್ಸೆಟಿವ್ ಸ್ಪ್ರೇ ಮಾಡಿಸಬೇಕೆ? ಎಲ್ಲಿ ತೂಗುಹಾಕಬೇಕು?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಸ್ಪ್ರೇ ಮಾಡಿಸಬೇಡಿ. ಫಿಕ್ಸೆಟಿವ್ ಎಂಬುದು ಬೇಗ ಆರುವ ದ್ರವದಲ್ಲಿ ಕರಗಿಸಿದ ರಾಳ. ಅದು ಕಣಗಳ ನಡುವಿನ ಗಾಳಿಯ ಜಾಗವನ್ನು ತುಂಬಿದಾಗ ಬೆಳಕು ಚದುರುವುದು ಕಡಿಮೆಯಾಗಿ ಬಣ್ಣ ಕಪ್ಪಡರುತ್ತದೆ. ಬಿಳಿ ಮತ್ತು ತಿಳಿ ಬಣ್ಣಗಳಿಗೆ ಈ ಪೆಟ್ಟು ಹೆಚ್ಚು, ಬಂಡೆಯ ಮೇಲಿನ ಬಿಸಿಲು ಮೊದಲು ಮಾಯವಾಗುತ್ತದೆ. ಬರೆಯುವಾಗ ಪದರಗಳ ನಡುವೆ ಸ್ಪ್ರೇ ಬಳಸುವುದು ಕಲಾವಿದರಿಗೆ ಬಿಟ್ಟ ವಿಚಾರ, ಮುಗಿದ ಚಿತ್ರದ ಮೇಲೆ ಕೊಂಡವರು ಕೈಯಾಡಿಸಬಾರದು.

ಒಂದಿಷ್ಟು ಪುಡಿ ಉದುರುವುದು ಸಹಜ. ಮೌಂಟ್‌ನ ಮೇಲೆ ಅದು ಕಾಣುತ್ತಿದೆಯೆಂದರೆ ದೋಷವಿರುವುದು ಚಿತ್ರದಲ್ಲಲ್ಲ, ಕಟ್ಟು ಹಾಕಿದ ರೀತಿಯಲ್ಲಿ. ಮೌಂಟ್‌ನ ಕಿಟಕಿಯ ಅಂಚು ನೇರವಾಗಿ ಚಿತ್ರದ ಮೇಲೆ ಕುಳಿತಿದ್ದರೆ ಉದುರಿದ ಪುಡಿ ಅಲ್ಲಿಯೇ ನಿಲ್ಲುತ್ತದೆ. ಮೌಂಟ್‌ಗೂ ಚಿತ್ರಕ್ಕೂ ನಡುವೆ, ಅಂಚಿನಿಂದ ಸ್ವಲ್ಪ ಹಿಂದಕ್ಕೆ, ಮೂರು ನಾಲ್ಕು ಮಿಲಿಮೀಟರ್ ದಪ್ಪದ ಪಟ್ಟಿ ಕೊಟ್ಟರೆ ಪುಡಿ ಆ ಸಂದಿಗೆ ಇಳಿದು ಕಣ್ಣಿಗೆ ಬೀಳುವುದಿಲ್ಲ, ಗಾಜೂ ಚಿತ್ರಕ್ಕೆ ತಾಗುವುದಿಲ್ಲ. ಕಟ್ಟು ಹಾಕುವವರಿಗೆ ಇದನ್ನು ಬಿಡಿಸಿ ಹೇಳಿ, ಜೊತೆಗೆ ಆಮ್ಲರಹಿತ ರಟ್ಟನ್ನೇ ಕೇಳಿ. ಹಗುರವೆಂದು ಅಕ್ರಿಲಿಕ್ ಹಾಳೆಯನ್ನು ಒಪ್ಪಿಕೊಳ್ಳಬೇಡಿ. ಒರೆಸಿದಾಗ ಅದರಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಪುಡಿಯನ್ನು ಚಿತ್ರದಿಂದಲೇ ಎಳೆದುಕೊಳ್ಳುತ್ತದೆ. ಅಂಗಡಿಗೆ ಒಯ್ಯುವಾಗ ಚಿತ್ರದ ಮುಖ ಮೇಲಿರಲಿ, ಬೈಕಿನ ಮೇಲೆ ನಿಲ್ಲಿಸಿಕೊಂಡು ಹೋಗಬೇಡಿ.

ತೂಗುಹಾಕಲು ನೇರ ಬಿಸಿಲು ಬೀಳದ ಒಳಗೋಡೆ ಒಳ್ಳೆಯದು. ತಮ್ಮ ಊರು ಒಣಹವೆಯದಾದರೂ ಮಳೆಗಾಲದಲ್ಲಿ ಹೊರಗೋಡೆಗಳು ತೇವ ಹೀರುತ್ತವೆ, ಪೇಸ್ಟಲ್‌ನ ಗೋಂದಿಗೂ ಕಾಗದಕ್ಕೂ ಬೂಷ್ಟು ಬೇಗ ಹಿಡಿಯುತ್ತದೆ. ಬಚ್ಚಲಿನ ಗೋಡೆಯನ್ನೂ ಅಡುಗೆಮನೆಯ ಗೋಡೆಯನ್ನೂ ಬಿಟ್ಟುಬಿಡಿ. ಚೌಕಟ್ಟಿನ ಹಿಂಬದಿಯ ಕೆಳಮೂಲೆಗಳಿಗೆ ಬೆಂಡಿನ ಚಿಕ್ಕ ತುಂಡುಗಳನ್ನು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಬಾಗಿಲು ದಡಾರೆಂದು ಬಡಿಯುವ ಗೋಡೆಯೂ ಬೇಡ. ಜೋಗಿಮಟ್ಟಿ ಬೆಟ್ಟದ ಗಾಳಿಯನ್ನು ಬಲ್ಲ ತಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪ್ರಶ್ನೆ: ಕಾಗದದ ಮೇಲಿನ ಪೇಸ್ಟಲ್‌ಗೆ ಕ್ಯಾನ್ವಾಸ್‌ನ ತೈಲಚಿತ್ರದಷ್ಟೇ ಬೆಲೆ ಕೇಳುವುದು ನ್ಯಾಯವೆ?
– ಓದುಗರೊಬ್ಬರು, ಹರಿಹರ

ಉತ್ತರ: ನ್ಯಾಯವೇ. ಬೆಲೆ ನಿಲ್ಲುವುದು ಕಲಾವಿದರ ಕೈಯ ಮೇಲೆ, ಹಾಳೆಯ ಮೇಲಲ್ಲ. ನಾರ್ವೆಯ ಕಲಾವಿದ ಎಡ್ವರ್ಡ್ ಮುಂಕ್ 1895ರಲ್ಲಿ ಪೇಸ್ಟಲ್‌ನಲ್ಲಿ ಬರೆದ ‘ಚೀತ್ಕಾರ’ 2012ರ ಹರಾಜಿನಲ್ಲಿ ಸುಮಾರು 12 ಕೋಟಿ ಡಾಲರಿಗೆ ಹೋಯಿತು.

ಪ್ರಶ್ನೆ: ಪ್ರದರ್ಶನ ನೋಡಿದಂದಿನಿಂದ ಒಂಬತ್ತು ವರ್ಷದ ಮಗಳು ಸಾಫ್ಟ್ ಪೇಸ್ಟಲ್ ಬೇಕೆಂದು ಹಟ ಹಿಡಿದಿದ್ದಾಳೆ. ಕೊಡಿಸಬಹುದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಕ್ಕಳಿಗೆ ಸುರಕ್ಷಿತವೆಂದು ನಮೂದಿಸಿದ ಚಿಕ್ಕ ಪೆಟ್ಟಿಗೆಯನ್ನು ಕೊಡಿಸಿ, ವೃತ್ತಿ ಕಲಾವಿದರ ಕಡ್ಡಿಗಳು ಬೇಡ, ಅವುಗಳ ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂನಂಥ ಲೋಹಗಳಿರುತ್ತವೆ. ನುಣುಪು ಡ್ರಾಯಿಂಗ್ ಹಾಳೆಯ ಮೇಲೆ ಪೇಸ್ಟಲ್ ಜಾರಿಹೋಗಿ ಮಗು ಬೇಸರಪಡುವುದರಿಂದ ತರಿಯಿರುವ ಬಣ್ಣದ ಕಾಗದವನ್ನೂ ಕೊಳ್ಳಿ. ಹಾಳೆಯ ಮೇಲಿನ ಪುಡಿಯನ್ನು ಬಾಯಿಂದ ಊದಿದರೆ ಅದು ಮೂಗಿಗೇ ಬರುತ್ತದೆ. ಹಾಳೆಯನ್ನು ಓರೆಯಾಗಿ ಹಿಡಿದು ಹಿಂದಿನಿಂದ ತಟ್ಟುವುದನ್ನು, ಬರೆದಾದ ಮೇಲೆ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ ಕೈ ತೊಳೆಯುವುದನ್ನು ಮೊದಲ ದಿನವೇ ಕಲಿಸಿಬಿಡಿ.