ಕೌದಿಯ ಹಿಂಬದಿ ಯಾಕೆ ಸುಕ್ಕಾಯಿತು?

ಪ್ರಶ್ನೆ: ಅಜ್ಜಿಯ ಹತ್ತಿ ಸೀರೆಗಳಿಂದ 60x90 ಇಂಚಿನ ಕೌದಿ ಹೊಲಿದೆ. ಒಳಗೆ ಹಿಂಜಿದ ಅರಳೆ ಹರಡಿದ್ದೆ. ಒಗೆದ ಮೇಲೆ ಅರಳೆಯೆಲ್ಲ ಮೂಲೆಗೆ ಸೇರಿ ಗಂಟಾಯಿತು, ಹಿಂದಿನ ಬಟ್ಟೆಯೂ ಸುಕ್ಕಾಯಿತು. ಇನ್ನೊಂದು ಹೊಲಿಯಬೇಕಿದೆ. ಎಲ್ಲಿ ತಪ್ಪಿದೆ?
– ಓದುಗರು, ಗದಗ

ಉತ್ತರ: ಮೊದಲು ಅರಳೆ ಬಿಡಿ. ಗಾದಿಗೆ ಅದು ಸರಿ, ಗಾದಿಯನ್ನು ಯಾರೂ ಒಗೆಯುವುದಿಲ್ಲ. ಕೌದಿ ಒಗೆಯುವ ವಸ್ತು. ಬಿಡಿ ಅರಳೆ ನೀರಲ್ಲಿ ಜಾರಿ ಒಂದೆಡೆ ಸೇರುತ್ತದೆ. ನಮ್ಮ ಉತ್ತರ ಕರ್ನಾಟಕದ ಕೌದಿಗೆ ಹಳೇ ಸೀರೆಯ ಪದರಗಳೇ ಹೊಟ್ಟೆ. ಮೂರು ನಾಲ್ಕು ಪದರ ಸಾಕು. ಅಂಗಡಿಯ ವ್ಯಾಡಿಂಗ್ (ಒಳಗೆ ಹಾಸುವ ಮೆತ್ತನೆಯ ಹಾಳೆ) ಹಾಕುವುದಾದರೆ ಸುರುಳಿ ಬಿಚ್ಚಿ ಒಂದು ರಾತ್ರಿ ನೆಲಕ್ಕೆ ಹಾಸಿಡಿ, ಮಡಿಕೆ ತಾನಾಗಿ ಇಳಿಯುತ್ತದೆ.

ಹಿಂಬದಿಯ ಬಟ್ಟೆಗೆ ಗಟ್ಟಿ ಸೀರೆಯೇ ಬೇಕು. ಬಿಸಿಲಿಗೆ ಹಿಡಿದು ನೋಡಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಎಳೆ ಸರಿದರೆ ಅದು ಒಳಪದರಕ್ಕೆ ಹೋಗಲಿ. ಎಲ್ಲವನ್ನೂ ಬಿಸಿ ನೀರಲ್ಲಿ ಒಗೆದು ಗಂಜಿ ತೆಗೆಯಿರಿ. ಹೊಸ ಬಟ್ಟೆ ಬೆರೆಸಿದರೆ ಅದನ್ನಂತೂ ಒಗೆಯಲೇಬೇಕು, ಇಲ್ಲದಿದ್ದರೆ ಆಮೇಲೆ ಅದೊಂದೇ ಕುಗ್ಗಿ ಉಳಿದದ್ದನ್ನು ಎಳೆಯುತ್ತದೆ. ಸೀರೆಯ ಅಂಚನ್ನೂ ಕತ್ತರಿಸಿ ತೆಗೆಯಿರಿ. ಅದರ ನೇಯ್ಗೆ ಬಿಗಿ, ಸುಕ್ಕು ಜಾಸ್ತಿ ಶುರುವಾಗುವುದು ಅಲ್ಲಿಂದಲೇ.

ಅಳತೆಯಲ್ಲಿ ಮಾತ್ರ ಜಿಪುಣತನ ಬೇಡ. ಹೊಲಿಯುತ್ತಾ ಹೋದಂತೆ ಬಟ್ಟೆ ಒಳಕ್ಕೆ ಸರಿಯುತ್ತದೆ, ಅಲ್ವಾ? ಮೇಲಿನದು 60x90 ಇದ್ದರೆ ಒಳಪದರ 64x94, ಹಿಂಬದಿ 68x98 ಇರಲಿ. ಐದೂವರೆ ಮೀಟರಿನ ಒಂದೇ ಸೀರೆಯಲ್ಲಿ ಹಿಂಬದಿ ಮುಗಿಯುತ್ತದೆ. 98 ಇಂಚಿನ ಎರಡು ತುಂಡು ಮಾಡಿ. ಅಂಚು ತೆಗೆದ ಮೇಲೆ ಸುಮಾರು 39 ಇಂಚು ಅಗಲ ಉಳಿಯುತ್ತದೆ. ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು 30ಕ್ಕೆ ಕತ್ತರಿಸಿ ಜೋಡಿಸಿ. ಆಗ ಹೊಲಿಗೆ ನಟ್ಟನಡುವೆ ಬರುವುದಿಲ್ಲ. ಕೌದಿ ಮಡಚುವುದು ಅಲ್ಲೇ, ಸವೆಯುವುದೂ ಅಲ್ಲೇ.

ಈಗ ಹಿಂಬದಿಯ ಬಟ್ಟೆಯನ್ನು ಉಲ್ಟಾ ಮಾಡಿ ನೆಲಕ್ಕೆ ಹಾಸಿ, ನಾಲ್ಕೂ ಬದಿಗೆ ಟೇಪ್ ಅಂಟಿಸಿ. ಚಪ್ಪಟೆಯಾಗಿದ್ದರೆ ಸಾಕು, ಜಗ್ಗಬೇಡಿ. ಜಗ್ಗಿದ ಬಟ್ಟೆ ಟೇಪ್ ತೆಗೆದ ಕೂಡಲೇ ಮುದುಡುತ್ತದೆ. ನಿಮ್ಮ ಕೌದಿಗೆ ಆಗಿರುವುದೂ ಬಹುಶಃ ಇದೇ. ಮೇಲೆ ಪದರಗಳನ್ನು ಒಂದೊಂದಾಗಿ ಹಾಸಿ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ನಡುವಿನಿಂದಲೇ ಅಂಗೈ ಅಗಲಕ್ಕೊಂದು ಸಾಲು ಕಚ್ಚಾ ಹೊಲಿಗೆ ಹಾಕಿ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಎಷ್ಟು ಚಂದದ ಕೆಲಸ ಅದು! ಆದರೆ ಅದಕ್ಕೆ ಕೈ ಪಳಗಿರಬೇಕು.

ಕಚ್ಚಾ ಹೊಲಿಗೆ ಮುಗಿದ ಮೇಲೆ ಒಮ್ಮೆ ತಿರುವಿ ಹಾಕಿ ಹಿಂಬದಿಯ ಮೇಲೆ ಕೈ ಆಡಿಸಿ. ಎಲ್ಲಾದರೂ ಉಬ್ಬು ಸಿಕ್ಕರೆ ಅಷ್ಟೇ ಸಾಲು ಬಿಚ್ಚಿ, ಸರಿಮಾಡಿ ಮತ್ತೆ ಹಾಕಿ.