ಪಿನ್‌ಗಳ ಏರಿಳಿತ ಕಣ್ಣಿಗೆ ಕಾಣಬೇಕು

ಪ್ರಶ್ನೆ: ಆರ್ಡುಯಿನೊ ಉನೊ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಪ್ರೋಗ್ರಾಂ ಬರೆಯುತ್ತೇನೆ. ಯಾವ ಪಿನ್ ಯಾವ ಕ್ಷಣಕ್ಕೆ ಆನ್ ಆಗುತ್ತದೆ ಎಂದು ಗೆರೆಗಳಲ್ಲಿ ತೋರಿಸುವ ಸಿಮ್ಯುಲೇಟರ್ ಇದೆಯೇ? ನನ್ನ ಬಳಿ ಆಸಿಲೋಸ್ಕೋಪ್ ಇಲ್ಲ.

ಉತ್ತರ: ಇದೆ. ವೋಕ್ವಿ ಎಂಬ ಸಿಮ್ಯುಲೇಟರಿನಿಂದ ಶುರು ಮಾಡಿ, ಬ್ರೌಸರಿನಲ್ಲೇ ನಡೆಯುತ್ತದೆ. ಅದರಲ್ಲಿ 8 ಚಾನೆಲ್‌ಗಳ ಲಾಜಿಕ್ ಅನಲೈಸರ್, ಅಂದರೆ ಪಿನ್ ಯಾವಾಗ ಆನ್, ಯಾವಾಗ ಆಫ್ ಎಂದು ದಾಖಲಿಸುವ ಸಾಧನ, ಸಿಗುತ್ತದೆ. ಬೇಕಾದ ಪಿನ್‌ಗಳಿಂದ ಅದಕ್ಕೆ ವೈರ್ ಎಳೆದು ಓಡಿಸಿ. ನಿಲ್ಲಿಸಿದಾಗ ಬರುವ ವಿಸಿಡಿ ಫೈಲನ್ನು (ಆ ದಾಖಲೆ ಇರುವ ಫೈಲ್), ಅದನ್ನು ಗೆರೆಗಳಾಗಿ ತೋರಿಸುವ ಪ್ರೋಗ್ರಾಂ ಆದ ಪಲ್ಸ್‌ವ್ಯೂನಲ್ಲಿ ತೆರೆಯಿರಿ.

ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಒಟ್ಟಿಗೇ ಆನ್ ಆಗುತ್ತವೆ ಅಂದುಕೊಂಡಿದ್ದ ಎರಡು ಪಿನ್‌ಗಳ ನಡುವೆ ಕೆಲವು ಮೈಕ್ರೋಸೆಕೆಂಡ್ ಅಂತರ! ಡಿಜಿಟಲ್‌ರೈಟ್, ಅಂದರೆ ಪಿನ್ ಆನ್-ಆಫ್ ಮಾಡುವ ಆರ್ಡುಯಿನೊ ಆಜ್ಞೆ, ಅಷ್ಟು ನಿಧಾನ. ಒಂದೇ ಪೋರ್ಟ್ (ಚಿಪ್ಪಿನಲ್ಲಿ ಒಟ್ಟಿಗೆ ನಿಯಂತ್ರಿಸುವ ಪಿನ್‌ಗಳ ಗುಂಪು)‌ನ ಪಿನ್‌ಗಳಾದರೆ ಅದರ ರಿಜಿಸ್ಟರಿಗೆ, ಅಂದರೆ ಆ ಪಿನ್‌ಗಳ ಸ್ಥಿತಿ ಹಿಡಿದಿಡುವ ಚಿಪ್ಪಿನೊಳಗಿನ ಜಾಗಕ್ಕೆ, ನೇರವಾಗಿ ಬರೆಯಿರಿ, ಜೊತೆಯಾಗಿ ಏಳುತ್ತವೆ. ಉನೊದ 16 ಮೆಗಾಹರ್ಟ್ಸ್‌ನಲ್ಲಿ ಒಂದು ಸೈಕಲ್ ಬರೀ 62.5 ನ್ಯಾನೊಸೆಕೆಂಡ್ ಅಲ್ವಾ?

ಮುಂದೆ ಪಿಕ್ ಎಂಬ ಇನ್ನೊಂದು ಬಗೆಯ ಮೈಕ್ರೋಕಂಟ್ರೋಲರ್ ಚಿಪ್ ಹಿಡಿದರೆ, ಅದಕ್ಕೆ ಪ್ರೋಗ್ರಾಂ ಬರೆಯುವ ತಂತ್ರಾಂಶವಾದ ಎಂಪಿಲ್ಯಾಬ್ ಎಕ್ಸ್‌ನ ಸಿಮ್ಯುಲೇಟರಿನಲ್ಲೂ ಲಾಜಿಕ್ ಅನಲೈಸರ್ ಇದೆ.