ಧೂಳು ಶೇ. 1 ಮಾತ್ರ ಇದ್ದರೂ ಬಾರ್ನಾರ್ಡ್ 68 ಎಂಬ ಅನಿಲ-ಧೂಳಿನ ಮೋಡ ಅಷ್ಟು ಕಪ್ಪಗಿರುವುದೇಕೆ? ಒಳಗಿನ ಹೈಡ್ರೋಜನ್ ಎಷ್ಟೆಂದು ತಿಳಿಯುವುದು ಹೇಗೆ?

ಶೇ. 1 ಎನ್ನುವುದು ತೂಕದ ಲೆಕ್ಕ. ಆ ತೂಕವೆಲ್ಲ ಸುಮಾರು 0.1 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಗಾತ್ರದ ಕಣಗಳಾಗಿ ಪುಡಿಯಾಗಿದೆ. ಕಲ್ಲು ಕುಟ್ಟಿ ಹಿಟ್ಟು ಮಾಡಿ ತೂರಿದರೆ ಎಷ್ಟು ಅಗಲಕ್ಕೆ ಬೆಳಕು ಮರೆಯಾಗುತ್ತದೋ ಯೋಚಿಸಿ. ಜೊತೆಗೆ ಉರಗಧರ ಪುಂಜದ ಈ ಮೋಡದ ಅಡ್ಡಗಲ ಸುಮಾರು ಅರ್ಧ ಜ್ಯೋತಿರ್ವರ್ಷ. ದಟ್ಟವಾದ ನಡುಭಾಗದಲ್ಲೂ ಒಂದು ಘನ ಸೆಂ.ಮೀ.ಗೆ ಇರುವುದು ಲಕ್ಷಗಳ ಲೆಕ್ಕದ ಅಣುಗಳು, ಅಂದರೆ ನಮ್ಮ ಪ್ರಯೋಗಾಲಯದ ಒಳ್ಳೆಯ ನಿರ್ವಾತಕ್ಕಿಂತ ತೆಳು. ಆದರೆ ದಾರಿ ಲಕ್ಷಾಂತರ ಕೋಟಿ ಕಿ.ಮೀ. ಇದೆಯಲ್ಲ!

ಹೈಡ್ರೋಜನ್ ಅಣುವಿನ ಎರಡೂ ತುದಿ ಒಂದೇ ಥರ, ಹಾಗಾಗಿ ಅದು ರೇಡಿಯೋದಲ್ಲಿ ಮಾತಾಡುವುದಿಲ್ಲ. ಅದರ ಮೊದಲ ರೇಖೆ, ಅಂದರೆ ಅದು ಸೂಸುವ ನಿರ್ದಿಷ್ಟ ತರಂಗಾಂತರದ ಬೆಳಕು, 28 ಮೈಕ್ರಾನ್‌ನಲ್ಲಿದೆ. ಆ ಮಟ್ಟಕ್ಕೇರಲು ಸುಮಾರು 510 ಕೆಲ್ವಿನ್‌ಗೆ ಸಮನಾದ ಶಕ್ತಿ ಬೇಕು. ಮೋಡವೋ 10 ಕೆಲ್ವಿನ್ ಆಸುಪಾಸು, ಹಾಗಾಗಿ ಆ ರೇಖೆಯೂ ಹೊಳೆಯುವುದಿಲ್ಲ.

ಅದಕ್ಕೇ ಧೂಳನ್ನೇ ತಕ್ಕಡಿ ಮಾಡಿಕೊಳ್ಳುತ್ತಾರೆ. ನಡುಭಾಗದಲ್ಲಿ ಮರೆಮಾಚುವಿಕೆ ಸುಮಾರು 30 ಕಾಂತಿಮಾನ (ಹೊಳಪಿನ ಅಳತೆ; ಐದು ಕಾಂತಿಮಾನ ಕುಂದಿದರೆ ಬೆಳಕು ನೂರರಲ್ಲೊಂದು ಪಾಲು): ಗೋಚರ ಬೆಳಕು ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಳಿಯುತ್ತದೆ. ಅದೇ 2.2 ಮೈಕ್ರಾನ್ ಅವಕೆಂಪಿನಲ್ಲಿ ಇಪ್ಪತ್ತರಲ್ಲೊಂದು ಪಾಲು ದಾಟಿ ಬರುತ್ತದೆ. 2001ರಲ್ಲಿ ಖಗೋಳವಿಜ್ಞಾನಿಗಳಾದ ಜೊವಾವೊ ಆಲ್ವೆಸ್, ಚಾರ್ಲ್ಸ್ ಲಾಡಾ ಮತ್ತು ಎಲಿಜಬೆತ್ ಲಾಡಾ ಹೀಗೇ ಹಿಂದಿನ ನಕ್ಷತ್ರಗಳನ್ನು ಹೆಕ್ಕಿ ಮೋಡದ ನಕ್ಷೆ ಬರೆದರು.

ಲೆಕ್ಕ ಸುಲಭ. ಅವಕೆಂಪಿನ ಎಚ್ (1.6 ಮೈಕ್ರಾನ್) ಮತ್ತು ಕೆ (2.2 ಮೈಕ್ರಾನ್) ಪಟ್ಟಿಗಳಲ್ಲಿ ಒಂದು ನಕ್ಷತ್ರದ ಕಾಂತಿಮಾನದ ವ್ಯತ್ಯಾಸ 1.12 ಎನ್ನೋಣ. ಧೂಳಿಲ್ಲದ ಕಡೆಯ ನಕ್ಷತ್ರಗಳಲ್ಲಿ ಅದು 0.12. ಧೂಳು ತಂದ ಹೆಚ್ಚುವರಿ ಕೆಂಪು 1.0, ಅದನ್ನು ಸುಮಾರು 16ರಿಂದ ಗುಣಿಸಿದರೆ ಗೋಚರ ಬೆಳಕಿನ ಮರೆಮಾಚುವಿಕೆ 16 ಕಾಂತಿಮಾನ. ಪ್ರತಿ ಕಾಂತಿಮಾನಕ್ಕೆ ಚದರ ಸೆಂ.ಮೀ.ಗೆ ಸುಮಾರು 2×10²¹ ಹೈಡ್ರೋಜನ್ ಪರಮಾಣು; ಅಣುಗಳ ಸಂಖ್ಯೆ ಬೇಕಾದರೆ ಅದರರ್ಧ. ಈ ಅರ್ಧ ಮಾಡುವುದನ್ನು ಮರೆತರೆ ಮೋಡವನ್ನು ಇಮ್ಮಡಿ ತೂಗಿದಂತಾಗುತ್ತದೆ. ಮೋಡದ ಮುಂದಿರುವ ನಕ್ಷತ್ರಗಳನ್ನೂ ಮೊದಲೇ ಕಿತ್ತುಹಾಕಿ, ಅವು ಮೋಡವನ್ನು ತೆಳು ಮಾಡಿ ತೋರಿಸುತ್ತವೆ.

ಹೈಡ್ರೋಜನ್ ಬದಲು 115 ಗಿಗಾಹರ್ಟ್ಸ್‌ನ ಕಾರ್ಬನ್ ಮಾನಾಕ್ಸೈಡ್ ರೇಡಿಯೋ ರೇಖೆ ನೋಡಿದರೆ ಸಾಲದೇ ಎಂದರೆ, ದೊಡ್ಡ ಮೋಡಗಳ ಹೊರ ಆಕಾರಕ್ಕೆ ಸಾಕು. ಇಲ್ಲಿ ಮಾತ್ರ ಕೈಕೊಡುತ್ತದೆ. ಆ ರೇಖೆ ಮೋಡದ ಹೊರಮೈಯಲ್ಲೇ ತುಂಬಿಹೋಗುತ್ತದೆ, ಒಳಗಿನದು ಕಾಣುವುದಿಲ್ಲ. ಭಾರದ ಆಕ್ಸಿಜನ್-18 ಇರುವ ವಿರಳ ಕಾರ್ಬನ್ ಮಾನಾಕ್ಸೈಡ್ ಅಣುವನ್ನು ಹಿಡಿದರೂ ನಟ್ಟನಡುವೆ ತೂತು ಬಿದ್ದಂತೆ ಕಾಣುತ್ತದೆ. ಅನಿಲ ಅಲ್ಲೇ ಇದೆ; ಕಾರ್ಬನ್ ಮಾನಾಕ್ಸೈಡ್ ಮಾತ್ರ ಹಿಮವಾಗಿ ಧೂಳಿನ ಕಣಗಳಿಗೆ ಮೆತ್ತಿಕೊಂಡಿದೆ.